ಟಾಮಿ ಜಾನ್: ಹನ್ನೆರಡು ಗೆಲುವುಗಳ ಕೊರತೆ



ವರ್ಷಾನುಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನನ್ನು ಒಂದು ಪ್ರಶ್ನೆ ಇಂದಿಗೂ ಕಾಡುತ್ತದೆ. ಒಮ್ಮೆ ಶಿಖರವೇರಿದವನು ದೊಡ್ಡವನೋ, ಬಿದ್ದರೂ ಎದ್ದು ಕೊನೆಯವರೆಗೆ ನಡೆದವನೋ? ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನೆತ್ತಿದವರು ಟಾಮಿ ಜಾನ್.

1943ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಜನಿಸಿದ ಜಾನ್ ಎಡಗೈ ಪಿಚರ್. ಪಿಚರ್ ಎಂದರೆ ನಮ್ಮ ಕ್ರಿಕೆಟ್ಟಿನ ಬೌಲರಿನಂತೆ ಚೆಂಡೆಸೆಯುವವರು. ತಂಡದ ಗೆಲುವು ಒಬ್ಬ ಪಿಚರ್‌ನ ಹೆಸರಿನಲ್ಲಿಯೂ ದಾಖಲಾಗುವುದು ಆ ಆಟದ ಪದ್ಧತಿ. 1974ರ ಜುಲೈ ತಿಂಗಳಲ್ಲಿ, ಲಾಸ್ ಏಂಜಲೀಸ್ ಡಾಜರ್ಸ್ ತಂಡದಲ್ಲಿದ್ದು 13 ಪಂದ್ಯ ಗೆದ್ದು 3ನ್ನು ಮಾತ್ರ ಸೋತಿದ್ದಾಗ, ಅವರ ಮೊಣಕೈಯ ಅಸ್ಥಿರಜ್ಜು ಹರಿಯಿತು. ಅಂದಿನ ಕಾಲಕ್ಕೆ ಅದು ಆಟದ ಬದುಕಿನ ಅಂತ್ಯ. ಡಾ. ಫ್ರಾಂಕ್ ಜೋಬ್ ಅದೇ ಸೆಪ್ಟೆಂಬರ್ 25ರಂದು ಬಲಗೈಯ ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. ಮರಳಿ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂಬುದು ವೈದ್ಯರ ಅಂದಾಜು.

1975ರ ಋತು ಪೂರ್ತಿ ಕಳೆದುಹೋಯಿತು. 1976ರಲ್ಲಿ ಜಾನ್ ಮರಳಿದರು. ಮುಂದೆ ಮೂರು ಋತುಗಳಲ್ಲಿ ತಲಾ 20 ಅಥವಾ ಹೆಚ್ಚು ಪಂದ್ಯ ಗೆದ್ದರು. 46ನೆಯ ವಯಸ್ಸಿನಲ್ಲಿ, 1989ರಲ್ಲಿ, ನಿವೃತ್ತರಾದಾಗ ಗೆಲುವುಗಳು 288. ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ನಿಂತಿತು.

ಆದರೆ ಕೂಪರ್ಸ್‌ಟೌನ್‌ನ ‘ಹಾಲ್ ಆಫ್ ಫೇಮ್’ ಗೌರವಕ್ಕೆ ಶೇಕಡಾ 75 ಮತಗಳು ಬೇಕು. 1995ರಿಂದ 2009ರವರೆಗೆ ಹದಿನೈದು ಬಾರಿ ಪತ್ರಕರ್ತರ ಮತಕ್ಕೆ ನಿಂತ ಜಾನ್ ಗಳಿಸಿದ ಗರಿಷ್ಠ ಮತ ಶೇಕಡಾ 31.7. ಡಿಸೆಂಬರ್ 2024ರಲ್ಲಿ 16 ಸದಸ್ಯರ ಸಮಿತಿಯಲ್ಲಿ 12 ಮತ ಬೇಕಿದ್ದಾಗ 7 ಮಾತ್ರ ದೊರೆತವು. ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೆ ಬಂದಿರಲಿಲ್ಲ. ಗೌರವದ ಗೆರೆಯೆಂದು ಭಾವಿಸಲಾದ 300 ಗೆಲುವುಗಳಿಗೆ ಹನ್ನೆರಡು ಕಡಿಮೆ.

ಕೈ ಮುರಿಯದಿದ್ದರೆ ಆ ಹನ್ನೆರಡು ದೊರೆಯುತ್ತಿದ್ದವು ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ಬರೆಯದ ಉತ್ತರಕ್ಕೆ ಯಾವ ಮೇಷ್ಟರೂ ಅಂಕ ಕೊಡಲಾರರು. ಬರೆದುದನ್ನೇ ನೋಡೋಣ. 288ರಲ್ಲಿ 164 ಗೆಲುವುಗಳು ಶಸ್ತ್ರಚಿಕಿತ್ಸೆಯ ನಂತರದವು. ಆಟ ಮುಗಿಯಿತೆಂದು ಲೋಕವೇ ತೀರ್ಮಾನಿಸಿದ ಮೇಲೆ ಗಳಿಸಿದ್ದೇ ಹೆಚ್ಚು!

ಅವರ ಹೆಸರು ಮತ್ತೆ ಪರಿಶೀಲನೆಗೆ ಬರಲು ಅವಕಾಶವಿದೆ. ಪತ್ರಿಕೆ ನನ್ನ ಕೈಗೆ ಬಂದಿದ್ದರೆ, ಉತ್ತೀರ್ಣ ಎಂದು ಬರೆಯಲು ನನ್ನ ಕೆಂಪು ಲೇಖನಿ ತಡೆಯುತ್ತಿರಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?