ಸಂಪರ್ಕ ಸಮಸ್ಯೆ: ಕಾಂಪೊಸಿಟ್ ರಚನೆಗಳ ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯಲ್ಲಿ

ರಚನೆಯೊಂದರ ಭಾಗಗಳು ಒಂದನ್ನೊಂದು ಮುಟ್ಟುವುದು, ಒತ್ತುವುದು, ಜಾರುವುದು, ಬಿಟ್ಟುಕೊಳ್ಳುವುದು ಇವನ್ನು ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ ಲೆಕ್ಕ ಹಾಕುವುದು ಸಂಪರ್ಕ ವಿಶ್ಲೇಷಣೆ. ಕಾರ್ಕಳದ ಗೊಮ್ಮಟ (1432) ಏಕಶಿಲೆಯಾದ್ದರಿಂದ ಅದರೊಳಗೆ ಈ ಪ್ರಶ್ನೆಯೇ ಏಳದು. ಎದುರಿನ ಗುಡ್ಡದ ಚತುರ್ಮುಖ ಬಸದಿಯಲ್ಲಾದರೋ (1586) ಭಾರವೆಲ್ಲ ಕಲ್ಲಿಂದ ಕಲ್ಲಿಗೆ ಸಂಪರ್ಕದ ಮೂಲಕವೇ ಇಳಿಯುತ್ತದೆ. ಬರಿದೇ ತಾಗಿಕೊಂಡ ಮೇಲ್ಮೈಗಳು ಒತ್ತಬಲ್ಲವು, ಎಳೆಯಲಾರವು. ಎಷ್ಟು ಜಾಗದಲ್ಲಿ ತಾಗಿವೆ ಎಂಬುದೂ ಲೆಕ್ಕ ಮುಗಿಯುವ ತನಕ ಗೊತ್ತಾಗದು. ಸಾಲ್ವರ್ ಸುತ್ತುಸುತ್ತಾಗಿ ಹುಡುಕುವುದು, ಕೆಲವೊಮ್ಮೆ ಕನ್ವರ್ಜ್ ಆಗದೆ ನಿಂತುಬಿಡುವುದು ಇದರಿಂದಲೇ. ಆಗ ಸಾಲ್ವರ್‌ನ ಸೆಟ್ಟಿಂಗ್‌ಗಳನ್ನು ತಿದ್ದುವುದು ರೂಢಿ. ಆದರೆ ದೋಷ ಬಹುಮಟ್ಟಿಗೆ ಮಾದರಿಯಲ್ಲೇ ಇರುತ್ತದೆ.

ಮಲ್ಪೆ, ಕಾಪು ಕಡಲತೀರದ ಫೈಬರ್ ದೋಣಿಯಂಥ ಕಾಂಪೊಸಿಟ್ ರಚನೆಯನ್ನು ತೆಗೆದುಕೊಳ್ಳಬಹುದು. ಗಾಜಿನ ನಾರು ಮತ್ತು ರಾಳದ ಹೊರಮೈ 8 ಮಿ.ಮೀ., ಅದಕ್ಕೆ ಕೂರುವ ಒಳಪಟ್ಟಿ 6 ಮಿ.ಮೀ. ದಪ್ಪ ಎನ್ನೋಣ. ಶೆಲ್ ಎಲಿಮೆಂಟ್‌ಗಳನ್ನು ಮಧ್ಯತಲದಲ್ಲಿ ಬರೆಯುವುದಾದರೆ ಎರಡರ ನಡುವೆ 7 ಮಿ.ಮೀ. ಅಂತರ ಬೇಕು. 5 ಮಿ.ಮೀ. ಬಿಟ್ಟರೆ ಅಲೆಯ ಹೊಡೆತ ಬೀಳುವ ಮೊದಲೇ ಅವು 2 ಮಿ.ಮೀ. ಒಂದರೊಳಗೊಂದು ಹೊಕ್ಕಿರುತ್ತವೆ, ಇಲ್ಲದ ಒತ್ತಡ ಹುಟ್ಟುತ್ತದೆ. ಅಂತರ ಹೆಚ್ಚಾಗಿ, ಪಟ್ಟಿಗೆ ಬೇರೆ ಆಧಾರವೂ ಇಲ್ಲದಿದ್ದರೆ ಅದು ಎಲ್ಲಿಯೂ ನಿಲ್ಲದೆ ತೇಲಿ, ಲೆಕ್ಕ ಮುರಿಯುತ್ತದೆ. ಕಾರ್ಬನ್ ನಾರಿನ ಕಾಂಪೊಸಿಟ್‌ನಲ್ಲಿ ಇನ್ನೊಂದು ತೊಡಕಿದೆ: ಬಿಗಿತ ನಾರಿನ ಉದ್ದಕ್ಕೆ ಸುಮಾರು 130 ಗಿಗಾಪ್ಯಾಸ್ಕಲ್, ದಪ್ಪದ ದಿಕ್ಕಿನಲ್ಲಿ ಸುಮಾರು 10. ಸಂಪರ್ಕದ ಪೆನಾಲ್ಟಿ ಬಿಗಿತವನ್ನು (ಮೇಲ್ಮೈಗಳು ಒಂದರೊಳಗೊಂದು ಹೊಗದಂತೆ ತಡೆಯುವ ಕಾಲ್ಪನಿಕ ಸ್ಪ್ರಿಂಗ್‌ನ ಬಿಗಿತವನ್ನು) ಮೊದಲನೆಯದರಿಂದ ಆರಿಸಿದರೆ ಅದು ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ, ಮೇಲ್ಮೈಗಳು ಪ್ರತಿ ಸುತ್ತಿನಲ್ಲೂ ತಾಗಿ ಬಿಟ್ಟು ಮಾಡುತ್ತ ಲೆಕ್ಕ ಅದುರತೊಡಗುತ್ತದೆ.

ಪೆನಾಲ್ಟಿ ತಗ್ಗಿಸಿದರೆ ಲೆಕ್ಕ ಓಡುತ್ತದಲ್ಲ, ಅಲ್ಪಸ್ವಲ್ಪ ಒಳಹೊಕ್ಕರೇನು ಎಂಬ ಆಕ್ಷೇಪವುಂಟು. ಲೋಹದಲ್ಲಿ ಇದು ಎಷ್ಟೋ ಸಲ ನಡೆದೀತು. ಕಾಂಪೊಸಿಟ್‌ನಲ್ಲಿ ಅಳತೆಗೋಲು ಇಡೀ ದಪ್ಪವಲ್ಲ, ಒಂದು ಪದರ. 10 ಮಿ.ಮೀ. ಲ್ಯಾಮಿನೇಟ್‌ನಲ್ಲಿ 0.05 ಮಿ.ಮೀ. ಗಣನೆಗೇ ಬಾರದು, 0.125 ಮಿ.ಮೀ. ಪದರಕ್ಕೆ ಅದು ಶೇ. 40. ಪದರಗಳು ಬಿಟ್ಟುಕೊಳ್ಳುವುದನ್ನು ನಿರ್ಧರಿಸುವ ಒತ್ತಡ ಇರುವುದು ಅಲ್ಲೇ. ಹಾಗಾದರೆ ಎಲ್ಲವನ್ನೂ ಅಂಟಿಸಿಬಿಡೋಣ ಎನ್ನುವವರೂ ಇದ್ದಾರೆ. ಅಂಟು ಗಟ್ಟಿ ಎಂದು ಪರೀಕ್ಷೆಯಿಂದ ತಿಳಿದ ಕಡೆ ಅದು ಸರಿ. ಉಳಿದೆಡೆ ಅಂಟಿಸಿದ ಜೋಡಣೆ ಎಳೆತವನ್ನೂ ಹೊರುವುದರಿಂದ ಬಿರುಕು ತೆರೆಯುವ ಸಾಧ್ಯತೆಯೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಲ್ಲಿ ಮಿತಿ ಮೀರಿದರೆ ಬಿಟ್ಟುಕೊಳ್ಳುವ ಕೊಹೆಸಿವ್ ಎಲಿಮೆಂಟ್ ಬಳಸಬೇಕು.

ಆದ್ದರಿಂದ ಮೊದಲು ಆಧಾರ, ಆಮೇಲೆ ಅಂತರ, ಬಳಿಕ ನಾರಿನ ದಿಕ್ಕು, ಕೊನೆಗೆ ಸಾಲ್ವರ್: ಪರಿಶೀಲನೆಯ ಕ್ರಮ ಇದು. ಸಂಪರ್ಕ ಬಲಗಳ ಮೊತ್ತ ಅವು ಹೊರಬೇಕಾದ ಭಾರಕ್ಕೆ ತಾಳೆಯಾಗದ, ಮೆಶ್ ಸಣ್ಣದಾಗಿಸಿದಾಗಲೆಲ್ಲ ಬದಲಾಗುವ ಉತ್ತರವನ್ನು ವಿನ್ಯಾಸಕ್ಕೆ ಬಳಸುವಂತಿಲ್ಲ.