ಎರಡನೇ ಸಾಲಿನಲ್ಲಿದ್ದ ಬೆಂಗಳೂರಿನ ಹುಡುಗ

ಜಾರ್ಜ್ ರಸೆಲ್ ಹೆಸರು ಇವತ್ತು ರಿಪ್ಪನ್‌ಪೇಟೆಯ ಹೈಸ್ಕೂಲು ಹುಡುಗರ ಬಾಯಲ್ಲೂ ಇದೆ. ಮರ್ಸಿಡಿಸ್ ತಂಡದ ಫಾರ್ಮುಲಾ ಒನ್ ಚಾಲಕ, 2022ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಮೊದಲ ಗೆಲುವು ಕಂಡವರು. ಅವರು ಒಂಟಿ ಆಸನದ ಕಾರಿಗೆ ಕಾಲಿಟ್ಟ ಮೊದಲ ವರ್ಷ 2014. ಆ ವರ್ಷವೇ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಚಾಂಪಿಯನ್‌ಷಿಪ್ ಗೆದ್ದರು. ಆಗ ಅವರಿಗೆ 16 ವರ್ಷ. ಆ ಋತುವಿನ ಅಂತಿಮ ಅಂಕಪಟ್ಟಿಯನ್ನು ತೆಗೆದು ನೋಡಿದರೆ ರಸೆಲ್ ಕೆಳಗಿನ ಸಾಲಿನಲ್ಲಿ, ಎರಡನೇ ಸ್ಥಾನದಲ್ಲಿ, ಅಷ್ಟೇ ವಯಸ್ಸಿನ ಇನ್ನೊಬ್ಬ ಹುಡುಗನ ಹೆಸರಿದೆ: ಅರ್ಜುನ್ ಮೈನಿ, ಭಾರತ. ಊರು ಬೆಂಗಳೂರು. ಸ್ನೆಟರ್ಟನ್ ಟ್ರ್ಯಾಕಿನಲ್ಲಿ ನಡೆದ ಕೊನೆಯ ಸುತ್ತಿನವರೆಗೂ ಪ್ರಶಸ್ತಿ ಯಾರದೆಂಬುದು ತೀರ್ಮಾನವಾಗಿರಲಿಲ್ಲ.

ಮುಂದೆ ಫಾರ್ಮುಲಾ ಒನ್ ಗೆಲ್ಲಲಿದ್ದವನನ್ನು ಇಡೀ ಒಂದು ಋತು ಬೆನ್ನು ಬಿಡದೆ ಓಡಿಸಿದ ನಮ್ಮ ರಾಜ್ಯದ ಹುಡುಗನ ಕಥೆ ಕನ್ನಡದಲ್ಲಿ ಎಷ್ಟು ಜನರಿಗೆ ಗೊತ್ತು? ನನ್ನ ಹುಡುಕಾಟ ಆ ಎರಡನೇ ಸಾಲಿನಿಂದ ಶುರುವಾಯಿತು. ಅವನು ಅಲ್ಲಿಗೆ ಯಾವ ದಾರಿಯಲ್ಲಿ ಹೋದ? ನಮ್ಮ ನೆಲದ ಮೇಲೆ ಆ ದಾರಿಯ ಗುರುತು ಎಲ್ಲೆಲ್ಲಿದೆ?

ಬ್ರಿಟನ್ನಿನ ಕಡೆಯ ದಾಖಲೆ ಹುಡುಕಲು ಕಷ್ಟವಿಲ್ಲ. ಅಲ್ಲಿ ರೇಸುಗಳ ಸಮಯ ಅಳೆಯುವ ಸಂಸ್ಥೆಗಳು ಪ್ರತಿ ಸ್ಪರ್ಧೆಯ ಹಾಳೆಗಳನ್ನು ಸಾರ್ವಜನಿಕವಾಗಿ ಇಡುತ್ತವೆ. ಅರ್ಹತಾ ಸುತ್ತು, ಗ್ರಿಡ್, ಫಲಿತಾಂಶ, ಪ್ರತಿಯೊಬ್ಬ ಚಾಲಕನ ಪ್ರತಿಯೊಂದು ಲ್ಯಾಪಿನ ಸಮಯ, ಎಲ್ಲವೂ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ. ಮಳೆಗಾಲದ ಸಂಜೆ ಕರೆಂಟು ಹೋಗಿ ಬರುವ ನಡುವೆ ಇಂಥ ಹಾಳೆಗಳನ್ನು ಓದುವುದು ಒಂದು ಅಭ್ಯಾಸವೇ ಆಗಿಬಿಡುತ್ತದೆ. ಅಡಿಕೆ ಮಂಡಿಯ ಲೆಕ್ಕದ ಪುಸ್ತಕದ ಹಾಗೆ, ಮೊದಲು ಬರೀ ಅಂಕಿ ಕಾಣುತ್ತದೆ. ಕಣ್ಣು ಪಳಗಿದ ಮೇಲೆ ಮನುಷ್ಯರು ಕಾಣುತ್ತಾರೆ. ಒಂದೇ ಲ್ಯಾಪಿನಲ್ಲಿ ಎಲ್ಲರ ಸಮಯವೂ ಒಟ್ಟಿಗೆ ಏರಿದರೆ ಸೇಫ್ಟಿ ಕಾರು ಹೊರಗೆ ಬಂದಿದೆ, ಇಲ್ಲವೇ ಮಳೆ ಹನಿದಿದೆ. ಒಬ್ಬನದು ಮಾತ್ರ ಏರಿದರೆ ಅವನು ಟ್ರ್ಯಾಕು ಬಿಟ್ಟು ಹುಲ್ಲಿಗೆ ಇಳಿದಿದ್ದಾನೆ. ಇಬ್ಬರ ಅಂಕಿಗಳು ಲ್ಯಾಪಿನಿಂದ ಲ್ಯಾಪಿಗೆ ಅಂಟಿಕೊಂಡೇ ಸಾಗಿದ್ದರೆ ಹಿಂದಿನವನು ಮುಂದಿನವನ ಬಾಲ ಹಿಡಿದಿದ್ದಾನೆ.

ದಾಖಲೆ ಓದುವವರಿಗೆ ಎದುರಾಗುವ ಮೊದಲ ತೊಡಕು ಕಾರಿನದು. ‘ಫಾರ್ಮುಲಾ 4’ ಎಂಬ ಒಂದೇ ಹಣೆಪಟ್ಟಿ ಹೊತ್ತ ಮೂರು ಬೇರೆ ಬೇರೆ ಯಂತ್ರಗಳು ಪಟ್ಟಿಗಳಲ್ಲಿ ಸಿಗುತ್ತವೆ. ಇವನ್ನು ಬಿಡಿಸಿಕೊಳ್ಳದೆ ಮುಂದೆ ಹೋದರೆ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ.

ಮೈನಿ ಮತ್ತು ರಸೆಲ್ ಓಡಿಸಿದ್ದು ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್ಬಿನ, ಅಂದರೆ ಬಿಆರ್‌ಡಿಸಿಯ, ಹೆಸರಿನ ಸರಣಿಯ ಕಾರು. ಆ ಕ್ಲಬ್ಬು 1928ರಲ್ಲಿ ಹುಟ್ಟಿದ್ದು, ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಒಡೆತನ ಅದರದೇ. ಎರಡು ಲೀಟರಿನ ಫೋರ್ಡ್ ಡ್ಯುರಾಟೆಕ್ ಎಂಜಿನ್ ಇದ್ದ ಈ ಕಾರಿನ ಸರಣಿ 2013ರಲ್ಲಿ ಆರಂಭವಾಗಿ 2015ರವರೆಗೆ ಮೂರೇ ವರ್ಷ ನಡೆಯಿತು. 2016ರಲ್ಲಿ ಅದೇ ಸರಣಿ ಬ್ರಿಟಿಷ್ ಫಾರ್ಮುಲಾ 3 ಆಗಿ ಬಡ್ತಿ ಪಡೆಯಿತು. ಎರಡನೆಯದು ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ ನಿಯಮ ಬರೆದು ದೇಶದೇಶಗಳಿಗೆ ಕೊಟ್ಟ ಫಾರ್ಮುಲಾ 4. ಅದು 2014ರಲ್ಲಿ ಇಟಲಿಯಲ್ಲಿ ಶುರುವಾಯಿತು, ಮೊದಲ ಚಾಂಪಿಯನ್ ಕೆನಡಾದ ಲಾನ್ಸ್ ಸ್ಟ್ರೋಲ್. ಬ್ರಿಟನ್ನಿಗೆ ಆ ನಿಯಮದ ಕಾರು ಬಂದದ್ದು 2015ರಲ್ಲಿ, ಎಂಎಸ್‌ಎ ಫಾರ್ಮುಲಾ ಎಂಬ ಹೆಸರಿನಲ್ಲಿ. ಆ ವರ್ಷ ಗೆದ್ದವರು ಲ್ಯಾಂಡೊ ನಾರಿಸ್. ಮೂರನೆಯದು ನಮ್ಮದು: ಎಲ್‌ಜಿಬಿ ಫಾರ್ಮುಲಾ 4. ರೋಲಾನ್ ಚೈನು ತಯಾರಿಸುವ ಕೊಯಮತ್ತೂರಿನ ಎಲ್.ಜಿ. ಬಾಲಕೃಷ್ಣನ್ ಕಂಪನಿಯ ಹೆಸರಿನ, ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ ಹೊತ್ತ ದೇಶೀ ಕಾರು.

ಈ ಮೂರನೆಯ ಕಾರಿನ ವಂಶವನ್ನು ಹಿಂದಕ್ಕೆ ಹಿಡಿದು ಹೋದರೆ ಕೊಯಮತ್ತೂರಿನ ಎಸ್. ಕರಿವರ್ಧನ್ ಸಿಗುತ್ತಾರೆ. ಜವಳಿ ಉದ್ಯಮದ ಮನೆತನದವರು, ಸ್ವತಃ ರೇಸು ಓಡಿಸಿದವರು. ಸಾಮಾನ್ಯರ ಮನೆಯ ಮಾರುತಿ 800ರ 796 ಸಿ.ಸಿ. ಎಂಜಿನ್ನನ್ನೇ ತೆಗೆದುಕೊಂಡು ಒಂಟಿ ಆಸನದ ರೇಸ್ ಕಾರು ಕಟ್ಟಿದರು. 1988ರಲ್ಲಿ ಬಂದ ಆ ಫಾರ್ಮುಲಾ ಮಾರುತಿಯೇ ಭಾರತದ ಎಳೆಯರಿಗೆ ಸಿಕ್ಕ ಮೊದಲ ಅಗ್ಗದ ಮೆಟ್ಟಿಲು. ಅದನ್ನೇರಿ ಹೋದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯರಾದರು. ಅವರ ನಂತರ 2010ರಲ್ಲಿ ಅಲ್ಲಿಗೆ ಹೋದ ಕರುಣ್ ಚಂಧೋಕ್ ಕೂಡ ಫಾರ್ಮುಲಾ ಮಾರುತಿಯಲ್ಲೇ ಕೈ ಪಳಗಿಸಿಕೊಂಡವರು. ಕರಿವರ್ಧನ್ ಇದನ್ನೆಲ್ಲ ನೋಡಲಿಲ್ಲ. 1995ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಕೊಯಮತ್ತೂರಿನ 2.1 ಕಿಲೋಮೀಟರ್ ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರು ಹೊತ್ತಿದೆ. ಭಾರತದ ಮೋಟಾರು ಕ್ರೀಡೆಗೆ ಇಷ್ಟು ಕೊಟ್ಟ ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೇನೆ.

ಭಾರತದ ಋತುಗಳನ್ನು ಓದುವಾಗ ಮತ್ತೊಂದು ಎಚ್ಚರ ಬೇಕು. ಒಂದೇ ವರ್ಷದಲ್ಲಿ ‘ರಾಷ್ಟ್ರೀಯ ಚಾಂಪಿಯನ್’ ಎಂಬ ಮಾತು ಇಬ್ಬರ ಹೆಸರಿನ ಮುಂದೆ ಬರಬಹುದು, ಎರಡೂ ಸರಿ ಇರಬಹುದು. ಎಫ್‌ಎಂಎಸ್‌ಸಿಐ, ಅಂದರೆ 1971ರಲ್ಲಿ ಸ್ಥಾಪನೆಯಾದ ದೇಶದ ಮೋಟಾರು ಕ್ರೀಡಾ ಒಕ್ಕೂಟ, ಎರಡು ಸರಣಿಗಳಿಗೆ ಮಾನ್ಯತೆ ಕೊಟ್ಟಿದೆ. ಒಂದು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಎಂಆರ್‌ಎಫ್ ಬೆಂಬಲದಿಂದ ನಡೆಸುವುದು; ಇನ್ನೊಂದು ಜೆಕೆ ಟೈರ್ ಹೆಸರಿನಲ್ಲಿ ಕೊಯಮತ್ತೂರಿನಲ್ಲೂ ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್‌ನಲ್ಲೂ ನಡೆಯುವುದು. ಪತ್ರಿಕೆಯ ಆಟದ ಪುಟದ ನಾಲ್ಕು ಸಾಲಿನ ಸುದ್ದಿಯಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲ. ಸುದ್ದಿಯ ದಿನಾಂಕ, ಟ್ರ್ಯಾಕಿನ ಹೆಸರು, ಟೈರಿನ ಕಂಪನಿ, ಈ ಮೂರನ್ನೂ ಜೋಡಿಸಿದಾಗಲೇ ಯಾವ ಚಾಂಪಿಯನ್‌ಷಿಪ್ ಎಂದು ಖಚಿತವಾಗುತ್ತದೆ.

ಈ ಜೋಡಣೆ ಮಾಡುತ್ತ ಹೋದಂತೆ ನನ್ನ ಮುಖ್ಯ ಶೋಧ ಮೇಲೆ ಬಂತು. ಪಟ್ಟಿಗಳಲ್ಲಿ ಚಾಲಕರ ಊರಿನ ಕಲಮಿನಲ್ಲಿ ‘ಬೆಂಗಳೂರು’ ಮತ್ತೆ ಮತ್ತೆ ಬರುತ್ತದೆ. ಅರ್ಜುನ್ ಮೈನಿ, ಅವರ ತಮ್ಮ ಕುಶ್ ಮೈನಿ, 2020ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಪಡೆದ ಯಶ್ ಆರಾಧ್ಯ, ಕಾರ್ಟಿಂಗ್‌ನಿಂದ ಮೇಲೆದ್ದ ರುಹಾನ್ ಆಳ್ವಾ. ಆದರೆ ರೇಸು ನಡೆದ ಸ್ಥಳದ ಕಲಮಿನಲ್ಲಿ ಕರ್ನಾಟಕದ ಒಂದು ಊರೂ ಇಲ್ಲ. ಇರುಂಗಾಟ್ಟುಕೋಟ್ಟೈ, ಕೊಯಮತ್ತೂರು, ನೊಯ್ಡಾ, ಮತ್ತೆ ಇರುಂಗಾಟ್ಟುಕೋಟ್ಟೈ. ಹುಡುಗರು ನಮ್ಮವರು, ಟ್ರ್ಯಾಕು ಬೇರೆಯವರದು.

ಹಿಂದೆ ಹೀಗಿರಲಿಲ್ಲ. ಶಾಶ್ವತ ಟ್ರ್ಯಾಕುಗಳಿಲ್ಲದ ಕಾಲದಲ್ಲಿ ದೇಶದ ರೇಸುಗಳೆಲ್ಲ ನಡೆಯುತ್ತಿದ್ದುದು ಯುದ್ಧಕಾಲದ ವಿಮಾನ ಪಟ್ಟಿಗಳ ಮೇಲೆ, ಸೇನೆಯ ಬಯಲುಗಳಲ್ಲಿ. ಮದ್ರಾಸಿಗೆ ಶೋಳಾವರಂ, ಕಲ್ಕತ್ತೆಗೆ ಬ್ಯಾರಕ್‌ಪುರ, ಬೆಂಗಳೂರಿಗೆ ಅಗರಂ ಮತ್ತು ಯಲಹಂಕ. ಶೋಳಾವರಂ ಜಾತ್ರೆಯಷ್ಟು ಜನ ಸೇರಿಸುತ್ತಿತ್ತು. ನಮ್ಮ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ತಂದು ಓಡಿಸಿದ್ದು ಅಲ್ಲೇ. ಆಮೇಲೆ ದಾರಿಗಳು ಬೇರೆಯಾದವು. ಮದ್ರಾಸಿನ ಕ್ಲಬ್ಬು ಜಮೀನು ಕೊಂಡು 3.717 ಕಿಲೋಮೀಟರಿನ ಸ್ವಂತ ಟ್ರ್ಯಾಕು ಕಟ್ಟಿ 1990ರಲ್ಲಿ ತೆರೆಯಿತು. ಬೆಂಗಳೂರಿನ ಬಯಲುಗಳು ಸೇನೆಯವೇ ಆಗಿ ಉಳಿದವು, ಸುತ್ತ ನಗರ ಬೆಳೆಯಿತು. ನಮ್ಮ ರಾಜ್ಯಕ್ಕೆ ಉಳಿದದ್ದು ಕಾರ್ಟಿಂಗ್ ಟ್ರ್ಯಾಕುಗಳು ಮತ್ತು ರ‍್ಯಾಲಿ.

ರ‍್ಯಾಲಿಯ ದಾಖಲೆ ತೆರೆದರೆ ಚಿತ್ರವೇ ಬೇರೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಗಳ ರ‍್ಯಾಲಿ, ಕೊಡಗಿನದು: ದೇಶದ ರ‍್ಯಾಲಿ ಭೂಪಟದ ನಡುವಿನಲ್ಲೇ ನಾವಿದ್ದೇವೆ. ನಾನು ಇರುವ ಹೊಸನಗರ, ತೀರ್ಥಹಳ್ಳಿ, ಸಾಗರದ ಸೀಮೆಯಲ್ಲಿ ಮೋಟಾರು ಎಂದರೆ ಕೆಂಪು ಮಣ್ಣು, ಏರು, ತಿರುವು, ಜೀಪು. ಇಲ್ಲಿನ ಹುಡುಗ ಸ್ಟಿಯರಿಂಗ್ ಹಿಡಿಯುವುದು ಕಲಿಯುವುದೇ ಚಕ್ರ ಜಾರುವ ನೆಲದ ಮೇಲೆ. ಅದು ರ‍್ಯಾಲಿಗೆ ಒಳ್ಳೆಯ ಪಾಠಶಾಲೆ. ಒಂಟಿ ಆಸನದ ಕಾರಿಗೆ ಬೇಕಾದ್ದು ಬೇರೆ: ಹಾಸಿದ ಡಾಂಬರು, ಎಂಟು ಹತ್ತು ವರ್ಷದಲ್ಲೇ ಕಾರ್ಟು, ಮತ್ತು ಯುರೋಪಿನಲ್ಲಿ ಒಂದು ಋತುವಿಗೆ ಕೋಟಿಗಳ ಲೆಕ್ಕದ ಹಣ.

ಮೈನಿಗೆ ಬಾಗಿಲು ತೆರೆದದ್ದು 2011ರಲ್ಲಿ. ಮಲ್ಯ ಒಡೆತನದ ಫೋರ್ಸ್ ಇಂಡಿಯಾ ತಂಡ ಎಳೆಯ ಚಾಲಕರಿಗಾಗಿ ದೇಶದ ಊರೂರುಗಳಲ್ಲಿ ಶೋಧ ನಡೆಸಿತು. ‘ಒನ್ ಫ್ರಂ ಎ ಬಿಲಿಯನ್’ ಎಂಬ ಆ ಸ್ಪರ್ಧೆಯಲ್ಲಿ ಆರಿಸಿ ಬಂದವರು ಮೂವರು: ಅರ್ಜುನ್ ಮೈನಿ, ಜೆಹಾನ್ ದಾರುವಾಲಾ, ತರುಣ್ ರೆಡ್ಡಿ. ಅಲ್ಲಿಂದ ಮೂರೇ ವರ್ಷಕ್ಕೆ ಸ್ನೆಟರ್ಟನ್. ಅದರ ಮುಂದಿನ ಗುರುತುಗಳೂ ಹಾಳೆಗಳಲ್ಲಿ ಸ್ಪಷ್ಟವಾಗಿವೆ. 2017ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸು ಗೆದ್ದ ಮೊದಲ ಭಾರತೀಯ, 2018ರಲ್ಲಿ ಫಾರ್ಮುಲಾ 2, 2019ರಲ್ಲಿ ಲಮಾನ್ 24 ಗಂಟೆಗಳ ಓಟ, 2021ರಿಂದ ಜರ್ಮನಿಯ ಡಿಟಿಎಂ.

ಇಷ್ಟಾದರೂ ಅವರು ಫಾರ್ಮುಲಾ ಒನ್ ತಲುಪಲಿಲ್ಲ. ರಸೆಲ್ ತಲುಪಿದರು. ಇದಕ್ಕೆ ಹಣ, ತಂಡದ ಬೆಂಬಲ, ಸರಿಯಾದ ವರ್ಷಕ್ಕೆ ಸರಿಯಾದ ಕಾರು, ಹೀಗೆ ಹಲವು ಕಾರಣ. ದಾಖಲೆಯಲ್ಲಿ ಅಳೆದು ತೋರಿಸಬಹುದಾದ ಕಾರಣ ಒಂದಿದೆ: ಸೂಪರ್ ಲೈಸೆನ್ಸ್ ಅಂಕ. 2016ರಿಂದ ಫಾರ್ಮುಲಾ ಒನ್ ಚಾಲಕನಾಗಲು ಮೂರು ಋತುಗಳಲ್ಲಿ 40 ಅಂಕ ಕೂಡಿಸಬೇಕು. ಎಫ್‌ಐಎ ನಿಯಮದ ರಾಷ್ಟ್ರೀಯ ಫಾರ್ಮುಲಾ 4 ಗೆದ್ದವನಿಗೆ 12, ಎರಡನೆಯವನಿಗೆ 10. ಬಿಆರ್‌ಡಿಸಿ ಸರಣಿಯ 2014ರ ಫಲಿತಾಂಶಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ನಮ್ಮ ಎಲ್‌ಜಿಬಿ ಫಾರ್ಮುಲಾ 4ಕ್ಕೂ ಇಲ್ಲ. ಕೊಯಮತ್ತೂರಿನಲ್ಲಿ ಎಷ್ಟು ಸಲ ಗೆದ್ದರೂ ಆ ಖಾತೆಗೆ ಸೊನ್ನೆ.

ಆ ಕೊರತೆ ನೀಗಿದ್ದು 2023ರಲ್ಲಿ, ಎಫ್‌ಐಎ ಮಾನ್ಯತೆಯ ಭಾರತೀಯ ಫಾರ್ಮುಲಾ 4 ಆರಂಭವಾದಾಗ. ಫ್ರಾನ್ಸಿನ ಮಿಗಾಲ್ ಕಂಪನಿಯ ಚಾಸಿಸ್, ಚಾಲಕನ ತಲೆ ಕಾಯುವ ಹೇಲೊ ಕಮಾನು, ಹೊರದೇಶದ ಎಳೆಯರಿಗೂ ಪ್ರವೇಶ. ಮೊದಲ ಋತುವಿಗೇ ಚೆನ್ನೈ ಬೀದಿಯ ರೇಸು ನಿಗದಿಯಾಗಿತ್ತು. ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಆ ನಗರವನ್ನು ಮುಳುಗಿಸಿ ಅದು ಮುಂದಕ್ಕೆ ಹೋಯಿತು. ಚಾಂಪಿಯನ್ ಆದವರು ಆಸ್ಟ್ರೇಲಿಯಾದ ಕೂಪರ್ ವೆಬ್‌ಸ್ಟರ್. 2024ರ ಆಗಸ್ಟ್ ಕೊನೆಗೆ ಚೆನ್ನೈನ ಐಲ್ಯಾಂಡ್ ಮೈದಾನದ ಸುತ್ತಲಿನ 3.5 ಕಿಲೋಮೀಟರ್ ಬೀದಿಯಲ್ಲಿ ದೀಪದ ಬೆಳಕಿನ ರಾತ್ರಿ ರೇಸು ನಡೆಯಿತು. ಆ ವರ್ಷದ ಪ್ರಶಸ್ತಿ ದಕ್ಷಿಣ ಆಫ್ರಿಕಾದ ಅಕೀಲ್ ಅಲಿಭಾಯ್ ಪಾಲಾಯಿತು. ಅವರೊಡನೆ ಸೆಣಸಿದವರಲ್ಲಿ ಬೆಂಗಳೂರಿನ ರುಹಾನ್ ಆಳ್ವಾ ಇದ್ದರು. ಹೊರಗಿನ ಹುಡುಗರು ಬಂದು ಗೆದ್ದರೆಂದು ಬೇಸರ ಪಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 2014ರಲ್ಲಿ ನಮ್ಮ ಹುಡುಗ ಪೆಟ್ಟಿಗೆ ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಬೇಕಾಗಿತ್ತು. ಹತ್ತೇ ವರ್ಷದಲ್ಲಿ ಅಂಥ ಪೈಪೋಟಿ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ ಬಂದಿದೆ.

ಅಣ್ಣ ಬಿಟ್ಟ ಎಳೆಯನ್ನು ತಮ್ಮ ಹಿಡಿದಿದ್ದಾರೆ. ಕುಶ್ ಮೈನಿ 2024ರಲ್ಲಿ ಹಂಗೇರಿಯ ಫಾರ್ಮುಲಾ 2 ಸ್ಪ್ರಿಂಟ್ ರೇಸಿನಲ್ಲಿ, ಮೊದಲು ಗುರಿ ಮುಟ್ಟಿದ ಚಾಲಕ ಅನರ್ಹನಾದ ಮೇಲೆ, ವಿಜೇತರೆಂದು ಘೋಷಿತರಾದರು. 2025ರ ಮೇ 24ರಂದು ಮೊನಾಕೊದಲ್ಲಿ ಯಾರ ಅನರ್ಹತೆಯ ನೆರವೂ ಇಲ್ಲದೆ ಮೊದಲಿಗರಾಗಿ ಬಂದರು. ಆ ಬೀದಿಯಲ್ಲಿ ಫಾರ್ಮುಲಾ 2 ಗೆದ್ದ ಮೊದಲ ಭಾರತೀಯ ಅವರು.

ಈ ಹೊಸ ಗೆಲುವುಗಳ ಪ್ರತಿ ಸೆಕೆಂಡೂ ದಾಖಲಾಗಿದೆ, ಅದರ ಚಿಂತೆ ಬೇಡ. ಚಿಂತೆ ಇರುವುದು ಅಗರಂ, ಯಲಹಂಕದ ಬಗ್ಗೆ, ಫಾರ್ಮುಲಾ ಮಾರುತಿಯಲ್ಲಿ ಓಡಿದ ನಮ್ಮವರ ಬಗ್ಗೆ. ಆ ಕಾಲದ ದಾಖಲೆ ಇರುವುದು ಮನೆಗಳ ಅಟ್ಟದ ಮೇಲೆ: ರೇಸಿನ ಕಾರ್ಯಕ್ರಮ ಪಟ್ಟಿ, ಪ್ರವೇಶ ಚೀಟಿ, ಮೆಕ್ಯಾನಿಕ್ಕುಗಳ ನೋಟುಬುಕ್ಕು, ಮಾಸಿದ ಫೋಟೊ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಫೋಟೊದ ಹಿಂದೆ ಕಾರಿನ ನಂಬರು, ಚಾಲಕನ ಹೆಸರು, ವರ್ಷ, ನೆನಪಿದ್ದಷ್ಟನ್ನು ಪೆನ್ಸಿಲಿನಲ್ಲಿ ಬರೆದಿಡಿ. ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ಒಂದು ಪ್ರತಿ ತೆಗೆಸಿ ನಿಮ್ಮೂರಿನ ಗ್ರಂಥಾಲಯಕ್ಕೆ ಕೊಡಿ.