ಮೈಗಂಟಿದ ಬಿಳಿ ಬೂದಿ

1954ರ ಮಾರ್ಚ್ 1. ಪೆಸಿಫಿಕ್ ಸಾಗರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ‘ಲಕ್ಕಿ ಡ್ರ್ಯಾಗನ್’ ದೋಣಿಯವರಿಗೆ ಸೂರ್ಯ ಹುಟ್ಟುವ ಮೊದಲೇ ಪಶ್ಚಿಮದಲ್ಲಿ ಬೆಳಕು ಕಾಣಿಸಿತು. ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಕೆಲವು ತಾಸುಗಳ ನಂತರ ಆಕಾಶದಿಂದ ಬಿಳಿ ಬೂದಿ ಉದುರತೊಡಗಿತು. ಅದು ಸ್ಫೋಟದಲ್ಲಿ ಪುಡಿಯಾದ ಹವಳ. ದೋಣಿಯಲ್ಲಿದ್ದ 23 ಮಂದಿಯ ತಲೆ, ಕತ್ತು, ಕೈಗಳಿಗೆ ಅದು ಮೆತ್ತಿಕೊಂಡಿತು. ಕೆಲವೇ ದಿನಗಳಲ್ಲಿ ಅವರ ಚರ್ಮ ಕಪ್ಪಾಗಿ ಬೊಬ್ಬೆಗಳೆದ್ದವು, ಕೂದಲು ಉದುರಿತು.

ಈ ಗಾಯಗಳಿಗೆ ಮುಖ್ಯ ಕಾರಣ ಬೀಟಾ ವಿಕಿರಣ. 1899ರಲ್ಲಿ ವಿಜ್ಞಾನಿ ಅರ್ನೆಸ್ಟ್ ರುದರ್‌ಫೋರ್ಡ್ ಯುರೇನಿಯಂನ ಕಿರಣಗಳಿಗೆ ತೆಳು ಅಲ್ಯೂಮಿನಿಯಂ ಹಾಳೆಗಳನ್ನು ಒಂದೊಂದಾಗಿ ಅಡ್ಡಲಾಗಿ ಇಟ್ಟು ಪರೀಕ್ಷಿಸಿದ್ದರು. ಮೊದಲ ಕೆಲವು ಹಾಳೆಗಳಲ್ಲೇ ತಡೆದು ನಿಂತ ಕಿರಣಕ್ಕೆ ಆಲ್ಫಾ ಎಂದೂ, ಅವನ್ನು ದಾಟಿ ಹೋದದ್ದಕ್ಕೆ ಬೀಟಾ ಎಂದೂ ಹೆಸರಿಟ್ಟರು. ಬೀಟಾ ಎಂದರೆ ಪರಮಾಣು ಬೀಜದಿಂದ ಅತಿ ವೇಗವಾಗಿ ಹೊರಬೀಳುವ ಎಲೆಕ್ಟ್ರಾನ್ ಎಂಬುದು ಬಳಿಕ ತಿಳಿಯಿತು.

ಬೀಟಾ ಬಹಳ ದೂರ ಸಾಗದು. ಗಾಳಿಯಲ್ಲಿ ಹೆಚ್ಚೆಂದರೆ ಕೆಲವು ಮೀಟರ್. ಕೆಲವು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಅದನ್ನು ತಡೆಯುತ್ತದೆ. ದೇಹದೊಳಗೂ ಅದು ಇಳಿಯುವುದು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್. ಆದರೆ ಹೊಸ ಚರ್ಮ ಹುಟ್ಟುವ ಪದರವೂ ಕೂದಲಿನ ಬುಡವೂ ಇರುವುದು ಅಷ್ಟೇ ಆಳದಲ್ಲಿ. ದೂರ ಹೋಗಲಾರದ ಕಿರಣ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಸುರಿಯುತ್ತದೆ. ಅದೇ ಬೂದಿ ಬಿದ್ದ ರೊಂಗೆಲಾಪ್ ದ್ವೀಪದಲ್ಲಿ ಬರಿಗಾಲಲ್ಲಿ ನಡೆದವರ ಪಾದಗಳು ಬೆಂದವು. ಬಟ್ಟೆ ಮುಚ್ಚಿದ್ದ ಮೈ ಬಹುಮಟ್ಟಿಗೆ ಉಳಿಯಿತು.

ಆದರೆ ಬೂದಿ ಹೊಟ್ಟೆ ಸೇರಿದರೆ ಬಟ್ಟೆಯೂ ಇಲ್ಲ, ಚರ್ಮದ ತಡೆಯೂ ಇಲ್ಲ. ಬೀಟಾ ಸೂಸುವ ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನಂತೆ ಮೂಳೆಯಲ್ಲಿ ನೆಲೆಸುತ್ತದೆ. ಅಯೋಡಿನ್-131 ಥೈರಾಯ್ಡ್ ಗ್ರಂಥಿಯಲ್ಲಿ ಕೂಡಿಕೊಳ್ಳುತ್ತದೆ. ಮುಂದಿನ ವರ್ಷಗಳಲ್ಲಿ ರೊಂಗೆಲಾಪ್‌ನ ಹಲವು ಮಕ್ಕಳ ಥೈರಾಯ್ಡ್‌ನಲ್ಲಿ ಗಂಟುಗಳು ಕಾಣಿಸಿಕೊಂಡವು.

ಪರಮಾಣು ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಪ್ರಧಾನಿ ನೆಹರೂ 1954ರ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಕರೆಕೊಟ್ಟರು. ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆ ದೋಣಿಯನ್ನು ಟೋಕಿಯೊದಲ್ಲಿ ಕಾಪಾಡಿ ಇಡಲಾಗಿದೆ.

ಬೂದಿಯನ್ನು ಕೂಡಲೇ ತೊಳೆದುಕೊಂಡಿದ್ದರೆ ಚರ್ಮದ ಗಾಯಗಳಾದರೂ ಕಡಿಮೆಯಾಗುತ್ತಿದ್ದವು. ಸುತ್ತಲೂ ನೀರೇ ಇತ್ತು. ಉದುರುತ್ತಿರುವುದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ.